ಎಷ್ಟು ಎಸಳು ಬೆಳ್ಳುಳ್ಳಿ?

“ನಿಮ್ಮ ಮನೆಯ ಸಾರಿಗೆ ಎಷ್ಟು ಎಸಳು ಬೆಳ್ಳುಳ್ಳಿ ಹಾಕುತ್ತಾರೆ?”

ಹೊಟ್ಟೆಯ ತೊಂದರೆಗೆಂದು ಹನ್ನೊಂದು ವರ್ಷ ಅಲೆದಿದ್ದೆ. ಗಂಟಲಿನಿಂದ ನಳಿಕೆ ಇಳಿಸಿ ಜಠರ ನೋಡಿದವರಿದ್ದರು, ಹಿಂದಿನಿಂದ ನಳಿಕೆ ಏರಿಸಿ ದೊಡ್ಡ ಕರುಳು ನೋಡಿದವರಿದ್ದರು, ನಾಡಿ ಹಿಡಿದು ವಾತ ಎಂದವರಿದ್ದರು, ಜಾತಕ ಬಿಡಿಸಿ ಶನಿಯ ಕಡೆಗೆ ಬೆರಳು ತೋರಿಸಿದವರೂ ಇದ್ದರು. ಬೆಳ್ಳುಳ್ಳಿಯ ಎಸಳು ಎಣಿಸಲು ಹೇಳಿದವರು ಮಾತ್ರ ಯಾರೂ ಇರಲಿಲ್ಲ. ನನಗೆ ಉತ್ತರವೂ ಗೊತ್ತಿರಲಿಲ್ಲ. ಬುದ್ಧಿ ಬಂದಾಗಿನಿಂದ ಅದೇ ಸಾರನ್ನು ಸುರಿದುಕೊಂಡು ಉಂಡವನು ನಾನು. ಅದರೊಳಗೆ ಏನೇನು ಬೀಳುತ್ತದೆ ಎಂದು ಒಮ್ಮೆಯೂ ಒಲೆಯ ಬಳಿ ನಿಂತು ನೋಡಿದವನಲ್ಲ.

ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. “ಹತ್ತು ಹನ್ನೆರಡು. ನಾಟಿ ಬೆಳ್ಳುಳ್ಳಿಯಾದರೆ ಹದಿನೈದು. ಏಕೆ, ಆಸ್ಪತ್ರೆಯಲ್ಲಿ ನಿಮ್ಮ ಕೈಯಲ್ಲಿ ಅಡುಗೆ ಮಾಡಿಸುತ್ತಿದ್ದಾರೆಯೇ?” ಎಂದಳು. ಎದುರಿಗಿದ್ದ ಡಯಟೀಷಿಯನ್ ಮೇಡಂ ನಗಲಿಲ್ಲ. ಹಾಳೆಯ ಮೇಲೆ 12 ಎಂದು ಬರೆದು, ಪಕ್ಕದಲ್ಲಿ ‘ಮೂವರಿಗೆ’ ಎಂದು ಸೇರಿಸಿ, “ಈರುಳ್ಳಿ?” ಎಂದರು.

ಆ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಒಂದು ಕಡೆ ಔಷಧಿ ದಾಸ್ತಾನು, ಇನ್ನೊಂದು ಕಡೆ ಕ್ಯಾಂಟೀನಿನ ಅಡುಗೆಮನೆ, ನಡುವೆ ಕಿಟಕಿಯಿಲ್ಲದ ಹತ್ತಡಿ ಜಾಗ. ಮೇಲಿನ ಮಹಡಿಗಳಲ್ಲಿ ತಜ್ಞರ ಹೆಸರಿಗೆ ಹಿತ್ತಾಳೆಯ ಫಲಕಗಳಿದ್ದವು. ಇಲ್ಲಿ ಬಾಗಿಲಿಗೆ ‘ಪಥ್ಯಾಹಾರ ವಿಭಾಗ’ ಎಂದು ಅಚ್ಚಾದ ಹಾಳೆಯೊಂದನ್ನು ಅಂಟಿಸಿದ್ದರು, ಅದರ ಒಂದು ಮೂಲೆ ಕಿತ್ತುಬಂದಿತ್ತು. ಆಸ್ಪತ್ರೆಯೊಂದು ಯಾರಿಗೆ ಎಷ್ಟು ಬೆಲೆ ಕೊಡುತ್ತದೆ ಎಂಬುದನ್ನು ತಿಳಿಯಲು ಅವರನ್ನು ಎಲ್ಲಿ ಕೂರಿಸಿದ್ದಾರೆ ಎಂದು ನೋಡಿದರೆ ಸಾಕು. ಆದರೆ ಕ್ಯಾಂಟೀನಿನಿಂದ ಒಗ್ಗರಣೆಯ ವಾಸನೆ ತೇಲಿಬರುತ್ತಿದ್ದ ಆ ಜಾಗ ಮುಂದೆ ನಡೆದ ಮಾತುಕತೆಗೆ ಹೇಳಿಮಾಡಿಸಿದಂತಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಕಾಯಿಲೆಗೆ ಹೆಸರಿದೆ: ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ರಕ್ತಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆದರೂ ಹೊಟ್ಟೆ ಉಬ್ಬುತ್ತದೆ, ನುಲಿಯುತ್ತದೆ, ಒಂದು ವಾರ ಬಿಗಿಹಿಡಿದರೆ ಇನ್ನೊಂದು ವಾರ ಕಟ್ಟೆಯೊಡೆಯುತ್ತದೆ. ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬಂದು ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ತಾವರೆಕೆರೆಯಲ್ಲಿ ಯಾವ ಹೋಟೆಲಿನವರು ಶೌಚಾಲಯದ ಬೀಗದ ಕೈ ಕೊಡುತ್ತಾರೆ, ಸುಂಕದಕಟ್ಟೆಯಲ್ಲಿ ಯಾವ ಪೆಟ್ರೋಲ್ ಬಂಕಿನಲ್ಲಿ ನೀರು ಬರುತ್ತದೆ ಎಂಬುದೆಲ್ಲ ನನಗೆ ಕಂಠಪಾಠವಾಗಿತ್ತು. ಮದುವೆಮನೆಗಳಲ್ಲಿ ಊಟದ ಪಂಕ್ತಿ ಎಲ್ಲಿದೆ ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳಿಕೊಳ್ಳುತ್ತಿದ್ದೆ.

ಹೊಟ್ಟೆಯ ಕಾಯಿಲೆಯವನಿಗೆ ಬುದ್ಧಿ ಹೇಳಲು ಪದವಿ ಬೇಕಿಲ್ಲ. ಕಚೇರಿಯ ಹಿರಿಯರೊಬ್ಬರು ಬೆಳಿಗ್ಗೆ ಬಿಸಿನೀರಿಗೆ ಜೇನು ಎಂದರು. ಭಾವಮೈದುನ ರಾತ್ರಿ ಮುದ್ದೆ ಬಿಟ್ಟು ಚಪಾತಿ ತಿನ್ನಿ ಎಂದ. ಮೊಳಕೆ ಕಾಳು, ದಿನಕ್ಕೊಂದು ಸೇಬು, ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ, ಎಲ್ಲವನ್ನೂ ಶಿರಸಾವಹಿಸಿ ಪಾಲಿಸಿದೆ. ಪಾಲಿಸಿದಷ್ಟೂ ಹೊಟ್ಟೆ ಕೆಡುತ್ತಿತ್ತು. ಕೊನೆಗೆ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಅರ್ಧ ತಿಂಗಳ ಸಂಬಳ ಕೊಟ್ಟು ರಕ್ತ ಪರೀಕ್ಷಿಸಿಕೊಂಡೆ. ಮೊಸರು, ತೆಂಗಿನಕಾಯಿ, ಅರಿಶಿನ ಸೇರಿ ಮೂವತ್ತೆರಡು ಪದಾರ್ಥಗಳು ನನಗೆ ‘ಆಗುವುದಿಲ್ಲ’ ಎಂದು ಬಣ್ಣಬಣ್ಣದ ವರದಿ ಬಂತು. ಅದು ಐಜಿಜಿ ಎಂಬ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ. ನಾವು ದಿನವೂ ತಿನ್ನುವ ಪದಾರ್ಥಗಳಿಗೆ ಆ ಪ್ರತಿಕಾಯ ರಕ್ತದಲ್ಲಿ ಇರುವುದು ಸಹಜ, ಆಹಾರ ಒಗ್ಗುತ್ತದೆಯೇ ಇಲ್ಲವೇ ಎಂದು ತಿಳಿಯಲು ಈ ಪರೀಕ್ಷೆಯನ್ನು ಬಳಸಬಾರದು ಎಂದು ಅಲರ್ಜಿ ತಜ್ಞರ ಸಂಘಗಳೇ ಹೇಳಿವೆ. ಇದು ನನಗೆ ತಿಳಿದದ್ದು ದುಡ್ಡು ಕಟ್ಟಿದ ಮೇಲೆ. ಆ ವರದಿಯನ್ನು ನಂಬಿ ಎಂಟು ತಿಂಗಳು ಗಂಜಿ ಮತ್ತು ಬೇಯಿಸಿದ ಸೋರೆಕಾಯಿಯಲ್ಲಿ ಬದುಕಿದೆ. ಅರವತ್ತೆಂಟು ಕೆಜಿ ಇದ್ದವನು ಐವತ್ತೇಳಕ್ಕೆ ಇಳಿದೆ.

ಉದರ ತಜ್ಞರು ಒಳ್ಳೆಯವರು. ಮಾಡಬೇಕಾದ ಪರೀಕ್ಷೆಗಳನ್ನು ಮಾಡಿಸಿ, ಬೇಡದ್ದನ್ನು ಬಿಟ್ಟು, ಕಾಯಿಲೆಯ ಹೆಸರು ಹೇಳಿದವರು ಅವರೇ. ಆದರೆ ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಊಟದ ವಿಚಾರ ಕೇಳಿದಾಗ “ಎಣ್ಣೆ, ಖಾರ, ಹೊರಗಿನ ತಿಂಡಿ ಕಡಿಮೆ ಮಾಡಿ” ಎಂದರು. ನಮ್ಮಲ್ಲಿ ಮೂಗಿನ ನೆಗಡಿಯಿಂದ ಮೊಣಕಾಲಿನ ನೋವಿನವರೆಗೆ ಎಲ್ಲದಕ್ಕೂ ಸಲ್ಲುವ ಸಲಹೆ ಇದು. ನಾನು ಮುಖ ಬಾಡಿಸಿಕೊಂಡದ್ದು ಕಂಡಿತೇನೋ, ಚೀಟಿಯ ಹಿಂಬದಿಯಲ್ಲಿ ಒಂದು ಸಾಲು ಗೀಚಿ ಕೆಳಗೆ ಕಳಿಸಿದರು.

ಕೆಳಗಿನ ಮೇಡಂ ಮೊದಲು ನೋಡಿದ್ದು ನನ್ನ ಕಡತವನ್ನು. ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಭೇದಿ ಆಗುತ್ತದೆಯೇ, ಮಲದಲ್ಲಿ ರಕ್ತ ಕಂಡಿದೆಯೇ, ಜ್ವರ ಬರುತ್ತದೆಯೇ, ರಕ್ತಹೀನತೆ ಇದೆಯೇ ಎಂದು ಕೇಳಿದರು. “ಇವುಗಳಲ್ಲಿ ಒಂದಕ್ಕೆ ನೀವು ಹೌದು ಎಂದಿದ್ದರೂ ನಿಮ್ಮನ್ನು ಮತ್ತೆ ಮೇಲಕ್ಕೆ ಕಳಿಸುತ್ತಿದ್ದೆ” ಎಂದರು. ತೂಕ ಇಳಿದದ್ದನ್ನು ಕಂಡು ಹುಬ್ಬು ಗಂಟಿಕ್ಕಿದರು. ಎಂಟು ತಿಂಗಳ ಗಂಜಿಯ ಕಥೆ ಕೇಳಿದ ಮೇಲೆಯೇ ಆ ಗಂಟು ಸ್ವಲ್ಪ ಸಡಿಲವಾಯಿತು. ಗೋಧಿಯ ಅಂಟಿನಿಂದ ಬರುವ ಸೀಲಿಯಾಕ್ ಕಾಯಿಲೆಗೆ ರಕ್ತ ಪರೀಕ್ಷೆ ಆಗಿದೆಯೇ, ಅದನ್ನು ಮಾಡಿಸಿದ ದಿನಗಳಲ್ಲಿ ನಾನು ಗೋಧಿ ತಿನ್ನುತ್ತಿದ್ದೆನೇ ಎಂದು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಗೋಧಿ ಬಿಟ್ಟು ಕೆಲಕಾಲವಾದರೆ ಆ ಪರೀಕ್ಷೆ ಕಾಯಿಲೆಯಿದ್ದರೂ ಇಲ್ಲವೆನ್ನಬಹುದು. ತಮಗೆ ತಾವೇ ಗೋಧಿ ಬಿಟ್ಟು ಬಂದವರ ರೋಗ ಕಂಡುಹಿಡಿಯುವುದು ಎಷ್ಟು ಕಷ್ಟ ಎಂದು ಆಗ ಹೊಳೆಯಿತು. ನನ್ನ ಪುಣ್ಯ, ಪರೀಕ್ಷೆ ನಡೆದದ್ದು ಚಪಾತಿಯ ಕಾಲದಲ್ಲಿ.

ಆಮೇಲೆ ಒಂದು ಚಿತ್ರಪಟ ಮುಂದಿಟ್ಟರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಪ್ರಕಟಿಸಿದ, ಮಲವನ್ನು ಆಕಾರದ ಮೇಲೆ ಏಳು ಬಗೆಯಾಗಿ ವಿಂಗಡಿಸುವ ಪಟ. ಆಡಿನ ಹಿಕ್ಕೆಯಂಥ ಒಂದನೆಯ ಬಗೆಯಿಂದ ಬರೀ ನೀರಾದ ಏಳನೆಯ ಬಗೆಯವರೆಗೆ. “ಬೆರಳಿಟ್ಟು ತೋರಿಸಿ” ಎಂದರು. ನನಗಿಂತ ಹದಿನೈದು ವರ್ಷ ಚಿಕ್ಕ ಹೆಣ್ಣುಮಗಳ ಎದುರು ನಾಚಿಕೆಯಿಂದ ಕುಗ್ಗಿಹೋದೆ. ಅವರಿಗೆ ಅದು ಅಕ್ಕಿಯ ಅಂಗಡಿಯಲ್ಲಿ ಸೋನಾ ಮಸೂರಿಯೋ ರಾಜಮುಡಿಯೋ ಎಂದು ಕೇಳಿದಷ್ಟೇ ಸಲೀಸು. ಆರನೆಯದಕ್ಕೆ ಬೆರಳಿಟ್ಟೆ. ಎರಡನೆಯದಕ್ಕೂ ಇಟ್ಟೆ.

ಒಂದು ವಾರ ದಿನಚರಿ ಬರೆದು ತರಬೇಕು: ಏನು ತಿಂದೆ, ಎಷ್ಟು ತಿಂದೆ, ಎಷ್ಟು ಹೊತ್ತಿಗೆ, ಯಾವಾಗ ಹೊಟ್ಟೆ ನುಲಿಯಿತು, ಅಂದು ಕಚೇರಿಯಲ್ಲಿ ಏನು ಗಲಾಟೆ ಇತ್ತು, ರಾತ್ರಿ ನಿದ್ದೆ ಬಂತೇ. ‘ಸಾರು ಅನ್ನ’ ಎಂದು ಬರೆದರೆ ಅವರು ಒಪ್ಪುವುದಿಲ್ಲ. ಯಾವ ಬೇಳೆ, ಎಷ್ಟು ಬೇಳೆ, ಅಂಗಡಿಯ ಪುಡಿಯೇ ಮನೆಯ ಪುಡಿಯೇ. ಅವರ ಮೇಜಿನ ಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ದಪ್ಪ ಪುಸ್ತಕವಿತ್ತು. ಭಾರತದ 528 ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಲೆಕ್ಕ ಅದರಲ್ಲಿದೆ. 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಹುಟ್ಟಿದ ಸಂಸ್ಥೆ ಅದು. ಪುಸ್ತಕದಲ್ಲಿ ತೊಗರಿಬೇಳೆ ಇದೆ, ನಮ್ಮ ಮನೆಯ ಸಾರು ಇಲ್ಲ. ಬೇಳೆಯ ಅಂಕಿಯಿಂದ ಸಾರಿನ ಬಟ್ಟಲಿನವರೆಗಿನ ದಾರಿಯನ್ನು ಯಾರಾದರೂ ನಡೆಯಬೇಕು. ಅವರು ಎಸಳುಗಳನ್ನು ಎಣಿಸುತ್ತಿದ್ದದ್ದು ಅದಕ್ಕೆ.

ವಾರದ ನಂತರ ದಿನಚರಿಯ ಮೇಲೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತ ಹೋದರು. ಜೇನು, ಸೇಬು, ಮೊಳಕೆ ಕಾಳು, ಮೂರು ಚಪಾತಿ, ಖಾಲಿ ಹೊಟ್ಟೆಯ ಬೆಳ್ಳುಳ್ಳಿ. ಗಂಜಿಯ ವ್ರತ ಮುರಿದ ಮೇಲೆ ‘ಇವಾದರೂ ಆರೋಗ್ಯಕ್ಕೆ ಒಳ್ಳೆಯವು’ ಎಂದು ಮತ್ತೆ ಹಿಡಿದುಕೊಂಡವೆಲ್ಲ ಸುತ್ತಿನೊಳಗೆ ಬಿದ್ದವು. ವಾರಕ್ಕೊಮ್ಮೆ ಕದ್ದು ತಿನ್ನುತ್ತಿದ್ದ ಮಸಾಲೆ ವಡೆ ಸುತ್ತಿನ ಹೊರಗೇ ಉಳಿಯಬಹುದೆಂದು ಆಸೆಪಟ್ಟೆ. ಅದರಲ್ಲಿ ಕಡಲೆಬೇಳೆಯೂ ಈರುಳ್ಳಿಯೂ ಇವೆ ಎಂದು ಅದಕ್ಕೂ ಸುತ್ತು ಹಾಕಿದರು.

ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸುವ ಪದ ಫಾಡ್‌ಮ್ಯಾಪ್. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ, ಮೊನಾಶ್ ವಿಶ್ವವಿದ್ಯಾಲಯದ ಉದರ ತಜ್ಞ ಪೀಟರ್ ಗಿಬ್ಸನ್ ಮತ್ತು ಡಯಟೀಷಿಯನ್ ಸ್ಯೂ ಶೆಫರ್ಡ್ 2005ರಲ್ಲಿ ಈ ಪದವನ್ನು ಬಳಕೆಗೆ ತಂದರು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಮುಂದೆ ಸಾಗುವ ಕಿರುಸರಪಳಿಯ ಸಕ್ಕರೆಗಳ ಒಟ್ಟು ಹೆಸರದು. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಫ್ರಕ್ಟಾನ್ ಇದೆ. ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಇವೆ. ಇವನ್ನು ತುಂಡರಿಸುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ, ಯಾರಲ್ಲೂ ಇಲ್ಲ. ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಅನೇಕರಲ್ಲಿ ದೊಡ್ಡವರಾಗುತ್ತ ಕುಂದುತ್ತದೆ. ಜೇನು ಮತ್ತು ಸೇಬಿನಲ್ಲಿ ಗ್ಲೂಕೋಸಿಗಿಂತ ಮಿಗಿಲಾದ ಫ್ರಕ್ಟೋಸ್ ಇದೆ, ಸೇಬಿನಲ್ಲಿ ಸಾರ್ಬಿಟಾಲ್ ಕೂಡ ಇದೆ. ಈ ಸಣ್ಣ ಕಣಗಳು ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡ ಕರುಳಿಗೆ ಬಂದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹಬ್ಬ ಮಾಡುತ್ತವೆ, ದೋಸೆಹಿಟ್ಟು ಉಕ್ಕಿದಂತೆ ಗಾಳಿ ಉಕ್ಕುತ್ತದೆ.

“ಹಾಗಾದರೆ ಎಲ್ಲರಿಗೂ ಹೀಗೇ ಆಗಬೇಕಲ್ಲ?” ಎಂದೆ. ಎಲ್ಲರಿಗೂ ಆಗುತ್ತದೆ. ನನ್ನ ಹೆಂಡತಿಯ ಕರುಳಿನಲ್ಲೂ ಅದೇ ಸಾರು ಅದೇ ಗಾಳಿಯನ್ನು ಎಬ್ಬಿಸುತ್ತದೆ. ವ್ಯತ್ಯಾಸವಿರುವುದು ನರಗಳಲ್ಲಿ. ಕರುಳು ಸ್ವಲ್ಪ ಹಿಗ್ಗಿದರೂ ನನ್ನ ನರಗಳು ಊರೆಲ್ಲ ಡಂಗುರ ಸಾರುತ್ತವೆ, ಅವಳ ನರಗಳು ಸುಮ್ಮನಿರುತ್ತವೆ. ಐಬಿಎಸ್ ಇರುವವರ ಮಲಾಶಯದೊಳಗೆ ಪುಟ್ಟ ಬಲೂನು ಊದಿ ನೋಡಿದ ಪ್ರಯೋಗಗಳಲ್ಲಿ, ಬೇರೆಯವರಿಗೆ ಲೆಕ್ಕಕ್ಕಿಲ್ಲದಷ್ಟು ಊದಿದಾಗಲೇ ಅನೇಕರಿಗೆ ನೋವು ಕಾಣಿಸಿಕೊಂಡಿತ್ತು. ‘ಎಲ್ಲ ನಿನ್ನ ಮನಸ್ಸಿನಲ್ಲಿದೆ’ ಎಂದು ಹನ್ನೊಂದು ವರ್ಷ ಕೇಳಿಸಿಕೊಂಡವನಿಗೆ ಈ ಬಲೂನಿನ ಕಥೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಆ ದಿನ ಕ್ಯಾಂಟೀನಿನಲ್ಲಿ ಎರಡು ಇಡ್ಲಿಯನ್ನು ಹೆದರಿಕೆಯಿಲ್ಲದೆ ತಿಂದೆ.

ನಾಲ್ಕು ವಾರ ಕಟ್ಟುನಿಟ್ಟು. ಬೆಳ್ಳುಳ್ಳಿ ಇಲ್ಲ, ಈರುಳ್ಳಿ ಇಲ್ಲ, ಗೋಧಿ ಇಲ್ಲ, ಹಾಲು ಇಲ್ಲ, ಬೇಳೆ ಹೆಸರಿಗಷ್ಟೇ. ಇದು ಪಥ್ಯವೇ ತಾನೇ ಎಂದು ತಲೆಯಾಡಿಸಿದೆ. ನಮ್ಮವರಿಗೆ ಪಥ್ಯ ಹೊಸದಲ್ಲ. ಬಾಣಂತಿಗೆ, ಕಾಮಾಲೆಯವರಿಗೆ, ನಾಟಿ ಔಷಧಿ ತಿಂದವರಿಗೆ ಉಪ್ಪು ಹುಳಿ ಖಾರ ನಿಲ್ಲಿಸಿ ಅಭ್ಯಾಸವಿದೆ. ಆದರೆ ಈ ಮೇಡಂ ಹೊರಡುವಾಗ ಒಂದು ಮಾತು ಹೇಳಿದರು: “ಐದನೆಯ ವಾರ ನೀವು ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಬಿಡಿಸುವುದು ಸುಲಭ ಸರ್. ಬಿಟ್ಟದ್ದನ್ನು ವಾಪಸ್ ತರುವುದು ನನ್ನ ಕೆಲಸ.” ಆ ಸಕ್ಕರೆಗಳೇ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಆಹಾರ, ವರ್ಷಗಟ್ಟಲೆ ನಿಲ್ಲಿಸಿದರೆ ಅವು ಸೊರಗುತ್ತವೆ. ಅದಕ್ಕಿಂತ ಮೊದಲು ಮನುಷ್ಯನೇ ಸೊರಗುತ್ತಾನೆ. ಅದಕ್ಕೆ ನನ್ನ ಸಡಿಲ ಪ್ಯಾಂಟೇ ಸಾಕ್ಷಿ.

ಬೆಳ್ಳುಳ್ಳಿ ಇಲ್ಲದ ಸಾರು ಎಂದಾಗ ನನ್ನ ಹೆಂಡತಿ ಮೇಡಂ ಜೊತೆ ಜಗಳಕ್ಕೇ ಬಂದಳು. ಎರಡನೆಯ ಭೇಟಿಗೆ ಅಡುಗೆ ಮಾಡುವವರನ್ನು ಕರೆತರಬೇಕೆಂದು ಅವರೇ ಹೇಳಿದ್ದರು. ಅಲ್ಲಿ ನಡೆದ ಸಂಭಾಷಣೆಯನ್ನು ನಾನು ಮೂರನೆಯವನಾಗಿ ಕೇಳಿದೆ. ಮೇಡಂ ಹೇಳಿದ್ದಿಷ್ಟು: ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯನ್ನು ಸಾರಿನಲ್ಲಿ ಕುದಿಸಿ ಎಸಳುಗಳನ್ನು ಎತ್ತಿ ಎಸೆದರೂ ಫ್ರಕ್ಟಾನ್ ಸಾರಿನಲ್ಲಿಯೇ ಉಳಿಯುತ್ತದೆ. ಆದರೆ ಜಜ್ಜಿದ ಎಸಳನ್ನು ಬರೀ ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳನ್ನು ತೆಗೆದುಹಾಕಿ, ಆ ಎಣ್ಣೆಯಿಂದ ಒಗ್ಗರಣೆ ಕೊಟ್ಟರೆ ಘಮ ಬರುತ್ತದೆ, ಫ್ರಕ್ಟಾನ್ ಬರುವುದಿಲ್ಲ. ಹೆಂಡತಿ ಒಂದು ಕ್ಷಣ ಸುಮ್ಮನಿದ್ದಳು. “ಅಂದರೆ ಮೊದಲು ಎಣ್ಣೆಗೆ ಬೆಳ್ಳುಳ್ಳಿ, ಅದನ್ನು ತೆಗೆದು ಆಮೇಲೆ ಸಾಸಿವೆ” ಎಂದಳು. “ಅಷ್ಟೇ. ಆದರೆ ಆ ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿ ದಿನಗಟ್ಟಲೆ ಹೊರಗಿಡಬೇಡಿ, ಅದರಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ಆವತ್ತಿನದನ್ನು ಆವತ್ತೇ ಮಾಡಿ” ಎಂದರು ಮೇಡಂ. ಈರುಳ್ಳಿಯ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ. ತೊಗರಿಬೇಳೆಯನ್ನು ರಾತ್ರಿ ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸಬೇಕು, ಕಾಳಿನ ಸಕ್ಕರೆ ಒಂದಷ್ಟು ನೀರಿನೊಂದಿಗೆ ಹೋಗುತ್ತದೆ. “ಸತ್ವವೂ ಹೋಗುವುದಿಲ್ಲವೇ?” ಎಂಬ ಹೆಂಡತಿಯ ಪ್ರಶ್ನೆಗೆ “ಸ್ವಲ್ಪ ಹೋಗುತ್ತದೆ. ಇವರು ಮೂರು ಹೊತ್ತೂ ಗಂಜಿ ಕುಡಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ” ಎಂದರು.

ಮತ್ತೆ ಇಂಗು. ಇಂಗು ನಮ್ಮ ಮನೆಯಲ್ಲಿ ಅಪರೂಪ, ಬ್ರಾಹ್ಮಣರ ಮನೆಯ ವಾಸನೆ ಎಂದು ಅವ್ವ ಮೂಗು ಮುರಿಯುತ್ತಿದ್ದಳು. ಈಗ ಅದು ಒಲೆಯ ಪಕ್ಕಕ್ಕೆ ಬಂತು. ಆದರೆ ಅಂಗಡಿಯ ಕೂಟು ಇಂಗಿನಲ್ಲಿ ನಿಜವಾದ ಇಂಗು ಕಡಿಮೆ, ಉಳಿದದ್ದು ಅಂಟು ಮತ್ತು ಹಿಟ್ಟು, ಎಷ್ಟೋ ಸಲ ಮೈದಾ. ನನ್ನಂಥವನಿಗೆ ಒಂದು ಚಿಟಿಕೆಯ ಮೈದಾ ಲೆಕ್ಕಕ್ಕಿಲ್ಲ. ಸೀಲಿಯಾಕ್ ಇರುವವರಿಗೆ ಹಾಗಲ್ಲ, ಅವರ ಕರುಳಿನ ಒಳಪದರಕ್ಕೆ ಗೋಧಿಯ ಅಲ್ಪಸ್ವಲ್ಪವೂ ಹಾನಿ. ದಕ್ಷಿಣದಲ್ಲಿ ಅಪರೂಪವಾದ, ಗೋಧಿಯುಣ್ಣುವ ಉತ್ತರದಲ್ಲಿ ಅದಕ್ಕಿಂತ ಹೆಚ್ಚು ಕಾಣುವ ಕಾಯಿಲೆ ಅದು. ಅಂಥ ಮಕ್ಕಳಿರುವ ಮನೆಗಳಿಗೆ ಇಡ್ಲಿ ರವೆ ಬೇರೆ, ರವೆ ಇಡ್ಲಿ ಬೇರೆ ಎಂದು ಬಿಡಿಸಿ ಹೇಳಬೇಕಾಗುತ್ತದೆಯಂತೆ. ಮೊದಲನೆಯದು ಅಕ್ಕಿ, ಎರಡನೆಯದು ಗೋಧಿ. ಪದ ತಿರುವುಮುರುವಾದರೆ ಮಗುವಿನ ಹೊಟ್ಟೆ ಕೆಡುತ್ತದೆ.

ಸೀಲಿಯಾಕಿನ ಕಥೆಯನ್ನು ಆಮೇಲೆ ಹುಡುಕಿ ಓದಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ಮಕ್ಕಳು ಏಕೆ ಸೊರಗುತ್ತಾರೆಂದು ಯಾರಿಗೂ ತಿಳಿದಿರಲಿಲ್ಲ. ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯ 1924ರಲ್ಲಿ ಬಾಳೆಹಣ್ಣಿನ ಪಥ್ಯದ ಬಗ್ಗೆ ಬರೆದ. ಅನೇಕ ಮಕ್ಕಳು ಅದರಲ್ಲಿ ಬದುಕಿದರು, ಕಾರಣ ಬಾಳೆಹಣ್ಣೇ ಎಂದು ಅವನು ನಂಬಿದ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ ಮೊದಲಿನಿಂದಲೂ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದ ಕ್ಷಾಮ ಬಂದು ಬ್ರೆಡ್ ಸಿಗದಾದಾಗ ಊರೆಲ್ಲ ಹಸಿದರೂ ಈ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಅವನು ಅದನ್ನು ಪ್ರಬಂಧವಾಗಿ ಬರೆದ. ಇಂದಿಗೂ ಆ ಕಾಯಿಲೆಗೆ ಊಟವೇ ಔಷಧಿ. ಹಾಸ್ ಕೊಟ್ಟ ಪಥ್ಯ ಸರಿಯಿತ್ತು, ಕಾರಣ ತಪ್ಪಾಗಿತ್ತು. ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ ತಿಂದಿದ್ದ ನನ್ನಲ್ಲಿ ಪಥ್ಯವೂ ತಪ್ಪು, ಕಾರಣವೂ ತಪ್ಪು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದರು. ನನಗೆ ಆ ಗಾದೆಯೊಂದಿಗೆ ತಕರಾರಿದೆ. ರೋಗ ಬಂದವನೆಲ್ಲ ಊಟ ಅರಿಯದವನು, ಬಾಯಿಚಪಲದವನು ಎಂಬ ಆರೋಪ ಅದರೊಳಗೆ ಅಡಗಿದೆ. ನನ್ನ ಚಿಕ್ಕಪ್ಪನಿಗೆ ಲಿವರ್ ಸಿರೋಸಿಸ್ ಆದಾಗ ಅವರು ಕುಡಿಯುವುದನ್ನು ಬಿಟ್ಟಿದ್ದರು, ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಪಾಲಿಸಿದರು. ಹೇಳಿದ್ದೇನು? ಬೇಳೆ ಬೇಡ, ಮೊಟ್ಟೆ ಬೇಡ, ಪ್ರೋಟೀನ್ ತಿಂದರೆ ತಲೆಗೆ ಏರುತ್ತದೆ. ಹಿಂದೆ ಅದೇ ರೂಢಿಯಾಗಿತ್ತು. ಈಗಿನ ಮಾರ್ಗಸೂಚಿಗಳು ಇದಕ್ಕೆ ತೀರ ವಿರುದ್ಧ: ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುನ್ನ ಇನ್ನೊಂದು ಸಣ್ಣ ಊಟ ಬೇಕು. ಲಿವರಿನಲ್ಲಿ ಸಕ್ಕರೆಯ ದಾಸ್ತಾನಿಲ್ಲದ ಅವರಿಗೆ ಒಂದು ರಾತ್ರಿಯ ಉಪವಾಸ ನಮ್ಮ ಎರಡು ಮೂರು ದಿನಗಳ ಉಪವಾಸಕ್ಕೆ ಸಮ, ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಚಿಕ್ಕಪ್ಪನ ತೋಳುಗಳು ಹುರಿಹಗ್ಗದಂತಾಗಿ, ಹೊಟ್ಟೆಯಲ್ಲಿ ಮಾತ್ರ ನೀರು ತುಂಬಿಕೊಂಡದ್ದನ್ನು ನಾವೆಲ್ಲ ನೋಡುತ್ತ ಕುಳಿತಿದ್ದೆವು. ಪಥ್ಯ ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಮೆಚ್ಚುತ್ತಲೂ ಇದ್ದೆವು. ಡಯಟೀಷಿಯನ್ ಎಂಬ ಪದವನ್ನು ಆಗ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಈಗ ಎಲ್ಲರೂ ಕೇಳಿದ್ದಾರೆ, ಅದೂ ಒಂದು ತೊಂದರೆ. ಮೂರು ವಾರದ ಆನ್‌ಲೈನ್ ತರಗತಿ ಮುಗಿಸಿದವರು, ಪುಡಿಯ ಡಬ್ಬಿ ಮಾರುವವರು, ತಾವು ತೆಳ್ಳಗಾದ ಅನುಭವವೊಂದನ್ನೇ ಬಂಡವಾಳ ಮಾಡಿಕೊಂಡವರು, ಎಲ್ಲರ ಹೆಸರಿನ ಮುಂದೆಯೂ ನ್ಯೂಟ್ರಿಷನಿಸ್ಟ್ ಎಂದಿರುತ್ತದೆ. ಡಯಟೀಷಿಯನ್ನರನ್ನೂ ಒಳಗೊಂಡ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದೇ 2021ರಲ್ಲಿ. ಅದಕ್ಕೆ ಮೊದಲಿನಿಂದಲೂ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಪರೀಕ್ಷೆ ನಡೆಸಿ ನೋಂದಣಿ ಕೊಡುತ್ತ ಬಂದಿದೆ. ಹಾಗಾಗಿ ಏನು ಓದಿದ್ದೀರಿ, ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳಲು ಸಂಕೋಚಪಡಬೇಡಿ. ನನ್ನದೇ ಇನ್ನೊಂದು ಒರೆಗಲ್ಲಿದೆ: ಮೊದಲ ಭೇಟಿಯಲ್ಲೇ ಡಬ್ಬಿ ಮಾರಿದವರ ಬಳಿಗೆ ಎರಡನೆಯ ಸಲ ಹೋಗುವುದಿಲ್ಲ. ಜಿಲ್ಲಾ ಕೇಂದ್ರದಿಂದ ಆಚೆ ಇಂಥವರು ಸಿಗುವುದೇ ಕಷ್ಟ ಎಂಬುದು ನಿಜ. ನಾನೂ ಪ್ರತಿ ಭೇಟಿಗೆ ಅರ್ಧ ದಿನದ ರಜೆ ಹಾಕಿ ಹೋಗುತ್ತಿದ್ದೆ.

ನಾಲ್ಕು ವಾರದಲ್ಲಿ ಹೊಟ್ಟೆ ಮೌನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತರಲ್ಲಿ ಏಳು ಇದ್ದ ನೋವು ಮೂರಕ್ಕೆ ಇಳಿಯಿತು. ಕಚೇರಿಯಲ್ಲಿ ಲೆಕ್ಕಪರಿಶೋಧನೆ ನಡೆದ ವಾರ ಏನೂ ತಿನ್ನದಿದ್ದರೂ ಆರಕ್ಕೆ ಏರಿತು. ಮೇಡಂ ದಿನಚರಿ ನೋಡಿ “ಇದಕ್ಕೆ ನನ್ನಲ್ಲಿ ಔಷಧಿಯಿಲ್ಲ” ಎಂದರು. ಅವರ ಮೇಲೆ ನಂಬಿಕೆ ಗಟ್ಟಿಯಾದದ್ದು ಆಗಲೇ.

ಐದನೆಯ ವಾರದಿಂದ ಒಂದೊಂದೇ ಪದಾರ್ಥವನ್ನು ಮೂರು ಮೂರು ದಿನ, ಪ್ರಮಾಣ ಏರಿಸುತ್ತ ತಿಂದು ನೋಡುವುದು, ನಡುವೆ ಎರಡು ಮೂರು ದಿನ ಬಿಡುವು. ಮೊದಲು ಹಾಲು: ಕಾಲು ಲೋಟ, ಅರ್ಧ ಲೋಟ, ಒಂದು ಲೋಟ. ಏನೂ ಆಗಲಿಲ್ಲ. ಎರಡು ವರ್ಷ ಮೊಸರು ಬಿಟ್ಟಿದ್ದು ದಂಡ. ಅಂದು ಸಂಜೆ ಗಟ್ಟಿ ಹಾಲಿನ ಫಿಲ್ಟರ್ ಕಾಫಿ ಕುಡಿಯುವಾಗ ಕಣ್ಣು ತುಂಬಿಬಂತು, ಹೆಂಡತಿ ಕಾಫಿ ಬಿಸಿಯಿತ್ತೇ ಎಂದು ಕೇಳಿದಳು. ಗೋಧಿ: ಒಂದು ಚಪಾತಿ ಸರಿ, ಮೂರು ಆಗದು. ಜೇನು ಮತ್ತು ಸೇಬು ಎರಡೂ ಫೇಲು. ದಿನಕ್ಕೊಂದು ಸೇಬಿನ ಉಪದೇಶ ಮಾಡಿದವರನ್ನೆಲ್ಲ ಒಂದು ಸಲ ನೆನೆದೆ. ಹದವಾಗಿ ಮಾಗಿದ ಬಾಳೆಹಣ್ಣು ಪಾಸು, ಕಪ್ಪುಚುಕ್ಕೆ ಬಂದು ಕಳಿತದ್ದು ತೊಂದರೆ. ಈರುಳ್ಳಿಗೆ ಎರಡನೆಯ ದಿನವೇ ಶರಣಾದೆ. ಬೆಳ್ಳುಳ್ಳಿಗೆ ಮೊದಲ ದಿನವೇ. ರಾಗಿಮುದ್ದೆ ಮಾತ್ರ ಮೊದಲ ವಾರದಿಂದಲೂ ಹೊಟ್ಟೆಯಲ್ಲಿ ಸದ್ದಿಲ್ಲದೆ ಕೂತಿತು. ಭಾವಮೈದುನನ ಮಾತು ಕೇಳಿ ಅದನ್ನು ಬಿಟ್ಟಿದ್ದೆನಲ್ಲ!

ಮೂರನೆಯ ತಿಂಗಳ ಹೊತ್ತಿಗೆ ಊಟದ ಪಟ್ಟಿ ಹೆಚ್ಚುಕಡಿಮೆ ಮೊದಲಿನಷ್ಟೇ ಉದ್ದವಾಗಿತ್ತು, ನಾಲ್ಕು ಪದಾರ್ಥ ಕಡಿಮೆ, ನಾಲ್ಕಕ್ಕೆ ಅಳತೆ. ತೂಕ ಅರವತ್ತಮೂರಕ್ಕೆ ಬಂದಿತ್ತು. ಅಷ್ಟರಲ್ಲಿ ಡಿಸೆಂಬರ್ ಬಂತು, ಒಂದು ಪದಾರ್ಥದ ಪರೀಕ್ಷೆ ಇನ್ನೂ ಬಾಕಿಯಿತ್ತು.

ಮಾಗಡಿ ಕಡೆಯವನಿಗೆ ಅವರೆಕಾಯಿ ಎಂದರೆ ಏನೆಂದು ಬೇರೆಯವರಿಗೆ ವಿವರಿಸುವುದು ಕಷ್ಟ. ಚಳಿ ಬಿದ್ದು, ಇಬ್ಬನಿ ಇಳಿದು, ಕಾಯಿಯ ಮೇಲೆ ಸೊಗಡು ಅಂಟಂಟಾಗಿ ಕೂತು, ಕೈಗೆ ಹತ್ತಿದ ವಾಸನೆ ಸೋಪು ಹಾಕಿದರೂ ಹೋಗದ ಆ ಎರಡು ತಿಂಗಳು ನಮ್ಮಲ್ಲಿ ಬೇರೆ ತರಕಾರಿಗೆ ಮರ್ಯಾದೆಯಿಲ್ಲ. ಉಪ್ಪಿಟ್ಟಿಗೆ ಅವರೆ, ಅಕ್ಕಿರೊಟ್ಟಿಗೆ ಅವರೆ, ಮುದ್ದೆಗೆ ಹಿದುಕಿದ ಬೇಳೆಯ ಸಾರು. ಬೆಂಗಳೂರಿನಲ್ಲಿ ಅವರೆಬೇಳೆ ಮೇಳ ನಡೆಯುವಾಗ ವಿ.ವಿ.ಪುರದ ಕಡೆಗೆ ಹೋಗುವ ಬಸ್ಸನ್ನೇ ನಾನು ಹತ್ತುತ್ತಿರಲಿಲ್ಲ. ಅವರೆಯಲ್ಲೂ ಬೇರೆ ಕಾಳುಗಳಂತೆ ರಾಫಿನೋಸ್, ಸ್ಟ್ಯಾಕಿಯೋಸ್ ಇವೆ. ಮೇಡಂಗೆ ಕೇಳಿದೆ. “ಊರಿಗೆ ಹೋಗಿ. ಮೂರು ದಿನ ಇರಿ. ಅಳತೆಗೆ ಒಂದು ಲೋಟ ಗೊತ್ತುಮಾಡಿಕೊಳ್ಳಿ” ಎಂದರು.

ಅವ್ವನಿಗೆ ಈ ವ್ಯವಹಾರ ಹಿಡಿಸಲಿಲ್ಲ. ನಾಲ್ಕು ವರ್ಷದಿಂದ ಅವರೆ ಕಾಲದಲ್ಲಿ ಮಗ ಊರಿಗೇ ಬಂದಿರಲಿಲ್ಲ, ಈಗ ಬಂದವನು ಲೋಟ ಹಿಡಿದು ನಿಂತಿದ್ದಾನೆ. “ನಮ್ಮಪ್ಪ ಎರಡು ಮುದ್ದೆಗೆ ಎರಡು ಸೇರು ಸಾರು ಉಣ್ಣುತ್ತಿದ್ದ” ಎಂದು ಗೊಣಗುತ್ತ ಕಾಳು ಹಿದುಕಿದಳು. ಆದರೂ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ಎಸಳು ತೆಗೆಯುವುದನ್ನು ಸೊಸೆಯಿಂದ ಫೋನಿನಲ್ಲಿ ಆಗಲೇ ಕೇಳಿ ತಿಳಿದುಕೊಂಡಿದ್ದಳು, ನನಗೆ ಹೇಳಿರಲಿಲ್ಲ. ತೆಗೆದ ಎಸಳುಗಳನ್ನು ಎಸೆಯಲು ಮನಸ್ಸಾಗದೆ ತಾನೇ ತಿಂದಳು.

ಮೊದಲ ದಿನ ಕಾಲು ಲೋಟ ಬೇಳೆ. ರಾತ್ರಿಯಿಡೀ ಕಾದೆ, ಏನೂ ಇಲ್ಲ. ಎರಡನೆಯ ದಿನ ಅರ್ಧ ಲೋಟ. ಸಂಜೆ ಸ್ವಲ್ಪ ಗುಡುಗುಡು, ಅದು ನನ್ನ ಹೊಟ್ಟೆಯೋ ಹಿತ್ತಿಲ ಎಮ್ಮೆಯೋ ಎಂದು ಖಾತ್ರಿಯಾಗದಷ್ಟು. ಮೂರನೆಯ ದಿನ ಮುಕ್ಕಾಲು ಲೋಟ ಹಾಕಿಕೊಂಡೆ. ನಾಲ್ಕು ಗಂಟೆಗೆ ಹೊಟ್ಟೆ ತಮಟೆಯಂತೆ ಬಿಗಿಯಿತು. ಕಟ್ಟೆಯ ಮೇಲೆ ಬಗ್ಗಿ ಕೂತು ದಿನಚರಿ ತೆರೆದೆ.

“ಏನೆಂದು ಬರೆದೆ ಮಗ?” ಎಂದಳು ಅವ್ವ.

“ಅರ್ಧ ಲೋಟದವರೆಗೆ ಆಗುತ್ತದೆ ಎಂದು.”

ಅವ್ವ ಒಳಗೆ ಹೋದಳು. ಅಳತೆಯ ಲೋಟವನ್ನು ತೊಳೆದು ಸೆರಗಿನಿಂದ ಒರೆಸಿ, ಅರ್ಧಕ್ಕೆ ಸರಿಯಾಗಿ ಸುಣ್ಣದಿಂದ ಒಂದು ಗೆರೆ ಎಳೆದು, ಉಪ್ಪಿನ ಭರಣಿಯ ಪಕ್ಕದಲ್ಲಿ ಇಟ್ಟಳು.